ಬೋರ್ಡು ಇನ್ನೂ ನೇತಾಡುತ್ತಿತ್ತು

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಬಾರಿ ಬಂದ ಕಾಗದಗಳಲ್ಲಿ ನಾಲ್ಕು, ಮಾತಾಡಿಕೊಂಡು ಒಂದೇ ಬಸ್ಸು ಹತ್ತಿದಂತೆ ಬಂದಿವೆ. ಹಾಗಾಗಿ ಹೊಟ್ಟೆಯುರಿ, ಮಕ್ಕಳ ಮೊಬೈಲ್ ಹುಚ್ಚು, ಅತ್ತೆ ಸೊಸೆಯರ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ. ಕೇಳಿದವರು ಬೇಸರಿಸಬಾರದು.

ಪ್ರಶ್ನೆ: ಟೀಚರ್, ನಮಸ್ಕಾರ. ದಯವಿಟ್ಟು ಹೆಸರು ಹಾಕಬೇಡಿ. ಕುವೆಂಪುನಗರದಲ್ಲಿ ನಮ್ಮದು ಮಹಡಿ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಹಿಂದಿನವರು ಖಾಲಿ ಮಾಡಿದ ಮೇಲೆ ಗೇಟಿಗೆ ‘ಮನೆ ಬಾಡಿಗೆಗಿದೆ’ ಎಂದು ಬೋರ್ಡು ಕಟ್ಟಿದ್ದೆವು. ಕಳೆದ ತಿಂಗಳು ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಡ ಹೆಂಡತಿ ಬಂದರು. ಇಥಿಯೋಪಿಯಾದವರಂತೆ. ಆತ ಮಾನಸಗಂಗೋತ್ರಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ‘ಮನೆ ಖಾಲಿ ಇದೆಯೇ ಅಮ್ಮ?’ ಎಂದು ಕನ್ನಡದಲ್ಲೇ ಕೇಳಿದ. ನಾನು ಯೋಚಿಸಲೂ ಇಲ್ಲ. ‘ಇಲ್ಲಪ್ಪ, ನಿನ್ನೆಯೇ ಅಡ್ವಾನ್ಸ್ ತೆಗೆದುಕೊಂಡುಬಿಟ್ಟೆವು’ ಎಂದೆ. ಆತ ಒಂದು ಸಲ ಬೋರ್ಡಿನ ಕಡೆ ನೋಡಿದ. ‘ಸರಿ ಅಮ್ಮ’ ಎಂದು ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಕಾನೂನು ಓದುತ್ತಿರುವ ನನ್ನ ಮಗಳು ಬಾಗಿಲಲ್ಲೇ ನಿಂತಿದ್ದಳು. ‘ನೀನು ಮಾಡಿದ್ದು ಜನಾಂಗದ್ವೇಷ’ ಎಂದವಳು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ನಮ್ಮ ಯಜಮಾನರು ನನ್ನ ಪರ. ಅಕ್ಕಪಕ್ಕದವರು ಒಪ್ಪುವುದಿಲ್ಲ, ಪೊಲೀಸರ ಹತ್ತಿರ ಅಲೆದಾಡಬೇಕು, ಅವರ ಅಡುಗೆಯ ವಾಸನೆ ಬೇರೆ ಎನ್ನುತ್ತಾರೆ. ನನಗೆ ಯಾರ ಮೇಲೂ ದ್ವೇಷವಿಲ್ಲ ಟೀಚರ್. ಆದರೆ ಆತ ಬೋರ್ಡನ್ನು ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಮನೆ ಇನ್ನೂ ಖಾಲಿಯೇ ಇದೆ. ವಿಶ್ವವಿದ್ಯಾನಿಲಯಕ್ಕೆ ಹೋಗಿ ಆತನನ್ನು ಹುಡುಕಿ ಕ್ಷಮೆ ಕೇಳಲೇ?
(ಓರ್ವ ಗೃಹಿಣಿ, ಮೈಸೂರು)

ಉತ್ತರ: ನಿಮ್ಮ ಕಾಗದವನ್ನು ಎರಡನೆಯ ಸಲ ಓದುವಾಗ, ಇದನ್ನು ನಾನೇ ಬರೆದು ಮರೆತುಬಿಟ್ಟಿದ್ದೇನೆಯೇ ಎಂಬ ಅನುಮಾನ ಬಂತು. ನಿಮ್ಮದು ಕುವೆಂಪುನಗರ, ನನ್ನದು ಗೋಕುಲಂ. ನಿಮ್ಮದು ಅಡ್ವಾನ್ಸಿನ ಸುಳ್ಳು, ನನ್ನದು ಅಣ್ಣನ ಮಗನ ಸುಳ್ಳು. ಉಳಿದದ್ದೆಲ್ಲ ಒಂದೇ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಲಕ್ಷ್ಮೀಪುರಂನಲ್ಲಿದ್ದ ಪಟ್ಟಾಭಿ ಜೋಯಿಸರ ಯೋಗಶಾಲೆ ಗೋಕುಲಂಗೆ ಬಂದ ಮೇಲೆ ನಮ್ಮ ಬೀದಿಗಳ ತುಂಬ ಬಿಳಿಯರು. ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು, ನಾವು ಹಾಲಿನವನಿಗೆ ಬಾಗಿಲು ತೆಗೆಯುವ ಮೊದಲೇ ಹೊರಟುಬಿಡುತ್ತಿದ್ದರು. ನಮ್ಮ ಮಹಡಿಯಲ್ಲಿ ಎರಡು ಚಳಿಗಾಲ ಒಬ್ಬಳು ಫ್ರೆಂಚ್ ಹೆಂಗಸು ಇದ್ದಳು. ಊರಿನ ದರದ ಒಂದೂವರೆ ಪಟ್ಟು ಬಾಡಿಗೆ ಕೊಟ್ಟಳು, ನಾನು ಸಂಕೋಚವಿಲ್ಲದೆ ಇಸಿದುಕೊಂಡೆ. ಮೊಟ್ಟೆ ಬೇಯಿಸುತ್ತಿದ್ದಳು, ಆಗಾಗ ಮೀನು ಹುರಿಯುತ್ತಿದ್ದಳು. ಅವಳ ಗೆಳೆಯರು ತಾರಸಿಯ ಮೇಲೆ ರಾತ್ರಿ ಹನ್ನೊಂದರವರೆಗೆ ಗಿಟಾರ್ ಬಾರಿಸುತ್ತಿದ್ದರು. ಪಕ್ಕದ ಮನೆಯ ಹುಡುಗ ಬಾರಿಸಿದ್ದರೆ ಗಲಾಟೆ ಎನ್ನುತ್ತಿದ್ದೆ. ಅವಳಿಗೆ ‘ಪಾಪ, ಸಂಗೀತದ ಹುಚ್ಚು’ ಎಂದೆ.

2013ರ ಜುಲೈ. ಜಿಟಿಜಿಟಿ ಮಳೆ. ಕೆನ್ಯಾದ ಹುಡುಗಿಯೊಬ್ಬಳು ಛತ್ರಿ ಹಿಡಿದು ಗೇಟಿನಾಚೆ ನಿಂತಿದ್ದಳು. ಫಾರ್ಮಸಿ ಓದುತ್ತಿದ್ದಳಂತೆ. ನಾನು ಚಿಲಕಕ್ಕೆ ಕೈ ಹಾಕಲಿಲ್ಲ. ಜಗುಲಿಯ ಮೇಲಿನಿಂದಲೇ, ‘ನಮ್ಮ ಅಣ್ಣನ ಮಗ ಬಂದು ಇರುತ್ತಾನೆ, ಮನೆ ಕೊಡುವುದಿಲ್ಲ’ ಎಂದೆ. ನನಗೆ ಅಣ್ಣನೇ ಇಲ್ಲ. ಇರುವವರು ಮೂವರು ತಂಗಿಯರು.

ಇದನ್ನು ಹೇಳಿದವಳು ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಜೀವವಿಜ್ಞಾನ ಕಲಿಸಿದವಳು. ಚರ್ಮದ ಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದಿಂದ ಬರುತ್ತದೆ, ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ, ಅವು ಎಷ್ಟು ತಯಾರಿಸುತ್ತವೆ ಎಂಬುದಷ್ಟೇ ಬೇರೆ, ಸುಡುಬಿಸಿಲಿನ ನಾಡುಗಳಲ್ಲಿ ನೇರಳಾತೀತ ಕಿರಣದಿಂದ ಕಾಪಾಡುವ ಕೊಡೆ ಅದು ಎಂದು ಹಲಗೆಯ ಮೇಲೆ ಚಿತ್ರ ಬಿಡಿಸಿ ತೋರಿಸುತ್ತಿದ್ದೆ. ರಿಚರ್ಡ್ ಲೆವಾಂಟಿನ್ ಎಂಬ ತಳಿವಿಜ್ಞಾನಿ 1972ರಲ್ಲಿ ಲೆಕ್ಕ ಹಾಕಿ, ಮನುಷ್ಯ ಮನುಷ್ಯರ ನಡುವಿನ ತಳಿಭೇದದಲ್ಲಿ ಸುಮಾರು ಶೇ 85ರಷ್ಟು ಒಂದೇ ಜನಸಮುದಾಯದ ಒಳಗೇ ಇದೆ ಎಂದು ತೋರಿಸಿದ್ದನ್ನೂ ಹೇಳುತ್ತಿದ್ದೆ. ಪಾಠವೆಲ್ಲ ತಲೆಯಲ್ಲಿತ್ತು. ಗೇಟಿನ ಹತ್ತಿರ ಮಾತಾಡಿದ್ದು ತಲೆಯಲ್ಲ, ನಾಲಿಗೆ. ನೀವೂ ‘ಯೋಚಿಸಲೂ ಇಲ್ಲ’ ಎಂದು ಬರೆದಿದ್ದೀರಿ ನೋಡಿ. ನಿಮ್ಮ ಇಡೀ ಕಾಗದದಲ್ಲಿ ನಾನು ಅಡಿಗೆರೆ ಎಳೆದದ್ದು ಆ ಎರಡು ಪದಗಳಿಗೆ.

ಆಗ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಕೆ ಹಿತ್ತಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹುಡುಗಿ ಹೋದ ಮೇಲೆ, ‘ನನ್ನ ಬಣ್ಣದವಳೇ ಅಲ್ಲವೇ ಟೀಚರ್ ಅವಳು?’ ಎಂದಳು. ನನಗೆ ಆ ದಿನ ಜ್ಞಾನೋದಯವೇನೂ ಆಗಲಿಲ್ಲ, ಸಿಟ್ಟು ಬಂತು. ಯಾಕೆಂದರೆ ಅವಳ ಕಾಫಿ ಲೋಟ ಹಿತ್ತಲ ಕಟ್ಟೆಯ ಮೇಲೆ ಬೇರೆಯೇ ಇತ್ತು. ಅಂಚು ಸೊಟ್ಟಗಾದ ಸ್ಟೀಲ್ ಲೋಟ. ಅದು ಅತ್ತೆಯವರ ಕಾಲದ ಏರ್ಪಾಡು, ನಾನೇನು ಮಾಡಿದ್ದಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಲೋಟವನ್ನು ಎತ್ತಿಟ್ಟು ಒಳಗಿನ ಲೋಟದಲ್ಲಿ ಕಾಫಿ ಕೊಡುವುದಕ್ಕೆ ನನಗೆ ಇನ್ನೂ ಒಂದು ವರ್ಷ ಹಿಡಿಯಿತು. ಕೊಟ್ಟ ದಿನ ಅವಳು, ‘ಯಾಕೆ ಟೀಚರ್, ಆ ಲೋಟ ಒಡೆದುಹೋಯಿತೇ?’ ಎಂದು ಕೇಳಿದಳು. ಸ್ಟೀಲ್ ಲೋಟ ಒಡೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

ನಿಮಗೆ ದ್ವೇಷವಿಲ್ಲ ಎಂದಿದ್ದೀರಿ. ನಂಬುತ್ತೇನೆ. ನನಗೂ ಇರಲಿಲ್ಲ. ‘ಜನಾಂಗದ್ವೇಷ’ ಎಂಬ ಪದವೇ ನಮ್ಮಂಥವರನ್ನು ಪಾರುಮಾಡಿಬಿಡುತ್ತದೆ. ದ್ವೇಷ ಎಂದ ಕೂಡಲೇ ಕಲ್ಲು ಎತ್ತಿ ನಿಂತವನು ನೆನಪಾಗುತ್ತಾನೆ, ಜಗುಲಿಯ ಮೇಲೆ ನಿಂತು ನಯವಾಗಿ ‘ಇಲ್ಲಪ್ಪ’ ಎಂದವಳು ನೆನಪಾಗುವುದಿಲ್ಲ. ಮಗಳೊಂದಿಗೆ ಪದಕ್ಕಾಗಿ ಜಗಳವಾಡಬೇಡಿ. ಆತನಿಗೆ ಮನೆ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದು ಆತನಿಗೂ ಗೊತ್ತು, ನಿಮಗೂ ಗೊತ್ತು.

ಯಜಮಾನರ ಕಾರಣಗಳ ವಿಷಯ. ಪೊಲೀಸು ಎಂಬುದು ನೆಪ. ವಿದೇಶಿಯರು ಮನೆಗೆ ಬಂದ 24 ಗಂಟೆಗಳೊಳಗೆ ಮಾಲೀಕರು ಅವರ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ವಿದೇಶಿಯರ ನೋಂದಣಿ ಕಚೇರಿಗೆ ಸಲ್ಲಿಸಬೇಕು. ‘ಸಿ ಫಾರಂ’ ಎಂದೇ ಅದು ಊರಿಗೆಲ್ಲ ಗೊತ್ತು. ಕಂಪ್ಯೂಟರಿನಲ್ಲೇ ಆಗುತ್ತದೆ, ಅಲೆದಾಟವಿಲ್ಲ. ನನ್ನ ಫ್ರೆಂಚ್ ಹೆಂಗಸಿಗೂ ಅದನ್ನೇ ತುಂಬಿದ್ದೆ, ಆಗ ಅದು ನನಗೆ ತೊಂದರೆ ಎನಿಸಿರಲಿಲ್ಲ. ಅಡುಗೆಯ ವಾಸನೆಯ ಬಗ್ಗೆ ಏನು ಹೇಳಲಿ? ಇಥಿಯೋಪಿಯಾದವರು ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ, ದೋಸೆಯಂತೆ ಹೊಯ್ದು ತಿನ್ನುತ್ತಾರೆ. ನಿಮ್ಮ ಮನೆಯಲ್ಲಿ ದೋಸೆ ಹಿಟ್ಟು ಹುಳಿ ಬಂದ ದಿನ ಬೀದಿಯವರು ಬಂದು ದೂರುತ್ತಾರೆಯೇ?

ಅಕ್ಕಪಕ್ಕದವರ ಮಾತು ಮಾತ್ರ ನೆಪವಲ್ಲ, ಅದು ಬಂದೇ ಬರುತ್ತದೆ. 2018ರಲ್ಲಿ ಉಗಾಂಡಾದ ವಿದ್ಯಾರ್ಥಿಯೊಬ್ಬನಿಗೆ ನಾನು ಮಹಡಿಯನ್ನು ಕೊಟ್ಟೆ. ಮೂರನೆಯ ದಿನವೇ ಎದುರು ಮನೆಯ ನಿವೃತ್ತ ಅಧಿಕಾರಿಗಳು ಬಂದರು. ಪತ್ರಿಕೆಗಳಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದರು, ಕುಡಿತ, ಮಾದಕ ವಸ್ತು, ಇನ್ನೇನೇನೋ. ನಾನು 2016ರ ಸೋಲದೇವನಹಳ್ಳಿಯನ್ನು ನೆನಪಿಸಿದೆ. ಬೆಂಗಳೂರಿನ ಆ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಬೇರೆ ದೇಶ, ಬೇರೆ ಕಾರು, ಬೇರೆ ಮನುಷ್ಯಳು. ಬಣ್ಣವೊಂದೇ ಸಾಕಾಯಿತು. ‘ನಮ್ಮ ಬೀದಿಯ ಹುಡುಗ ಕುಡಿದು ಗಾಡಿ ಗುದ್ದಿದರೆ ನಾವು ಅವನ ಅಪ್ಪ ಯಾರು ಎಂದು ಕೇಳುತ್ತೇವೆ, ಗೋಕುಲಂನವರೆಲ್ಲ ಕುಡುಕರು ಎನ್ನುವುದಿಲ್ಲ’ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಆಗ ನಾನು ಒಂದೇ ಮಾತು ಕೇಳಿಕೊಂಡೆ: ‘ಆತನಿಂದ ಏನು ತೊಂದರೆಯಾದರೂ ನೇರವಾಗಿ ನನ್ನ ಹತ್ತಿರ ಬನ್ನಿ, ಆತನ ಬಾಗಿಲು ತಟ್ಟಬೇಡಿ.’

ಎರಡು ವರ್ಷದಲ್ಲಿ ಮೂರು ದೂರು ಬಂದವು. ಒಂದು, ರಾತ್ರಿ ಜೋರು ಹಾಡು. ವಿಚಾರಿಸಿದರೆ ಅದು ಹಿಂದಿನ ಬೀದಿಯ ಗೃಹಪ್ರವೇಶದ ಮೈಕು. ಇನ್ನೊಂದು ಆತನ ಗೆಳೆಯನ ಸ್ಕೂಟರನ್ನು ಅವರ ಗೇಟಿಗೆ ಅಡ್ಡ ನಿಲ್ಲಿಸಿದ್ದು. ಮೂರನೆಯದು ಮೋಟರ್ ಹಾಕಿ ಮರೆತು ನೀರು ಬೀದಿಗೆ ಹರಿದದ್ದು. ಕೊನೆಯ ಎರಡು ನಿಜವಾದ ದೂರುಗಳೇ. ಬೈದೆ, ತಿದ್ದಿಕೊಂಡ, ಮತ್ತೆ ಒಂದು ಸಲ ನೀರು ಹರಿಸಿದ. ಆತ ಸಂತನಾಗಿರಲಿಲ್ಲ, ಬಾಡಿಗೆಯವನಾಗಿದ್ದ. ಮರೆಯುವ, ಬಾಡಿಗೆ ಎರಡು ದಿನ ತಡಮಾಡುವ, ಎಲ್ಲ ಬಾಡಿಗೆಯವರಂಥವನು. ಒಳ್ಳೆಯವನೆಂದು ಸಾಬೀತಾದರೆ ಮಾತ್ರ ಮನೆ ಎಂದು ನಾವು ಫ್ರೆಂಚರಿಗೆ ಹೇಳಿರಲಿಲ್ಲ ಅಲ್ಲವೇ?

ಈಗ ನಿಮ್ಮ ಪ್ರಶ್ನೆಗೆ. ಮಾನಸಗಂಗೋತ್ರಿಗೆ ಹೋಗಿ ಎದುರಿಗೆ ನಿಂತು ಕಣ್ಣೀರು ಹಾಕಬೇಡಿ. ವಯಸ್ಸಾದ ಹೆಂಗಸು ಅತ್ತರೆ ಆ ಹುಡುಗ ‘ಪರವಾಗಿಲ್ಲ ಅಮ್ಮ’ ಎನ್ನಲೇಬೇಕಾಗುತ್ತದೆ. ಮನೆಯೂ ಸಿಗದೆ, ನಿಮ್ಮನ್ನು ಸಮಾಧಾನಪಡಿಸುವ ಕೆಲಸವೂ ಆತನ ತಲೆಗೇ ಬೀಳುತ್ತದೆ. ಕ್ಷಮೆ ಕೇಳುವುದಾದರೆ ಬೀಗದ ಕೈಯನ್ನು ಹಿಡಿದುಕೊಂಡು ಕೇಳಿ. ವಿಶ್ವವಿದ್ಯಾನಿಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ವ್ಯವಹಾರ ನೋಡಿಕೊಳ್ಳುವವರಿಗೆ, ನಮ್ಮಲ್ಲಿ ಇಂತಿಷ್ಟು ಬಾಡಿಗೆಗೆ ಮನೆ ಖಾಲಿ ಇದೆ, ಯಾರಿಗೆ ಬೇಕಾದರೂ ಕಳುಹಿಸಿ ಎಂದು ಬರೆದುಕೊಡಿ. ಆತನೇ ಬಂದರೆ, ‘ಆ ದಿನ ನಾನು ಸುಳ್ಳು ಹೇಳಿದೆ, ತಪ್ಪಾಯಿತು, ಮನೆ ಖಾಲಿ ಇದೆ, ನೋಡುತ್ತೀರಾ?’ ಎಂದು ಇಷ್ಟೇ ಹೇಳಿ. ಬೇಡ ಎಂದರೆ ಅದು ಆತನ ಇಷ್ಟ. ನಾನಾಗಿದ್ದರೆ ಬೇಡವೆಂದೇ ಹೇಳುತ್ತಿದ್ದೆ.

ಇನ್ನೊಂದು ಸಣ್ಣ ಉಪಾಯ, ನನಗೆ ಕೆಲಸಕ್ಕೆ ಬಂದದ್ದು. ಬೋರ್ಡು ಕಟ್ಟುವ ಮೊದಲು ಒಂದು ಹಾಳೆಯಲ್ಲಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಎಷ್ಟು ಜನ ಇರಬಹುದು, ನೀರು ಯಾವಾಗ, ಗೇಟು ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಯಾರೇ ಬರಲಿ, ಮುಖ ನೋಡುವ ಮೊದಲು ಆ ಹಾಳೆಯನ್ನು ಓದಿ. ನಾಲಿಗೆಗೆ ಸುಳ್ಳು ಹುಟ್ಟಿಸಲು ಸಮಯ ಸಿಗಬಾರದು, ಅಷ್ಟೇ.

ನಿಮ್ಮ ಮಗನೋ ಅಳಿಯನೋ ಪರದೇಶದಲ್ಲಿದ್ದರೆ ಅವರಿಗೂ ಹೀಗೆ ಆಗಬಹುದಲ್ಲವೇ ಎಂಬ ಮಾತನ್ನು ನಾನು ಬೇಕೆಂದೇ ಹೇಳಲಿಲ್ಲ. ಅದು ಸಂತೆಯ ಲೆಕ್ಕ. ಪರದೇಶದಲ್ಲಿ ಯಾರೂ ಇಲ್ಲದವರೂ ಗೇಟು ತೆಗೆಯಬೇಕಾಗುತ್ತದೆ.

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯವನು ಮಿಜೋರಾಂನವನು. ಮೊದಲ ದಿನದಿಂದ ಎಲ್ಲರೂ ಅವನನ್ನು ‘ಚಿಂಕಿ’, ‘ನೇಪಾಳಿ’ ಎನ್ನುತ್ತಾರೆ. ನಾಯಿ ತಿನ್ನುತ್ತೀಯಾ ಎಂದು ಕೇಳುತ್ತಾರೆ. ಅವನೂ ನಗುತ್ತಾನೆ. ‘ಮೊಮೊ’ ಎಂಬ ಹೆಸರನ್ನು ಇಟ್ಟವನು ನಾನೇ. ಈಗ ಎರಡು ತಿಂಗಳಿಂದ ಅವನು ಮೆಸ್ಸಿಗೆ ಬರುತ್ತಿಲ್ಲ, ಕೋಣೆಯಲ್ಲೇ ಬ್ರೆಡ್ ತಿನ್ನುತ್ತಾನೆ. ಎಲ್ಲವೂ ತಮಾಷೆಗೆ ಮೇಡಂ. ನಮ್ಮ ಊರಿನ ಗೆಳೆಯರನ್ನೂ ನಾವು ಹೀಗೆಯೇ ರೇಗಿಸುತ್ತೇವೆ. ನಾನು ಈಗ ಬೇಡ ಎಂದರೆ ನನ್ನನ್ನೇ ರೇಗಿಸುತ್ತಾರೆ.
(ದ್ವಿತೀಯ ವರ್ಷದ ವಿದ್ಯಾರ್ಥಿ, ಮಂಡ್ಯ)

ಉತ್ತರ: ನಿನ್ನ ವಯಸ್ಸಿನವರನ್ನು ಬಹುವಚನದಲ್ಲಿ ಕರೆದು ನನಗೆ ಅಭ್ಯಾಸವಿಲ್ಲ, ಬೇಸರಿಸಬೇಡ.

ಅವನು ಮೊದಲ ಸಲ ನಿಮ್ಮ ಮೆಸ್ಸಿನಲ್ಲಿ ಮುದ್ದೆಯನ್ನು ಅಗಿದು ತಿಂದಿರಬೇಕು. ನೀವೆಲ್ಲ ನಕ್ಕಿರಬೇಕು, ನುಂಗಬೇಕು ಕಣೋ ಎಂದು ಯಾರೋ ತೋರಿಸಿಕೊಟ್ಟಿರಬೇಕು. ಆ ನಗುವಿನಲ್ಲಿ ತಪ್ಪಿಲ್ಲ. ಮರುದಿನ ಅವನು ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ನುಂಗಲು ಕಲಿತರೆ ಆ ನಗು ಅಲ್ಲಿಗೆ ಮುಗಿಯಿತು. ಕಣ್ಣಿನ ಆಕಾರವನ್ನು ಅವನು ಯಾವ ದಿನ ಕಲಿತು ಬದಲಾಯಿಸಬೇಕು? ಊರಿನ ಗೆಳೆಯನನ್ನು ‘ಕುಳ್ಳ’ ಎಂದು ರೇಗಿಸಿದರೆ ಅವನು ನಿನ್ನನ್ನು ‘ಸೊಣಕಲ’ ಎಂದು ರೇಗಿಸುತ್ತಾನೆ, ಇಬ್ಬರೂ ಸಂಜೆ ಒಂದೇ ಬೈಕು ಹತ್ತುತ್ತೀರಿ. ಅವನಿಗೆ ನಿಮ್ಮ ಹಾಸ್ಟೆಲಿನಲ್ಲಿ ತಿರುಗಿಸಿ ಕರೆಯಲು ಯಾವ ಹೆಸರಿದೆ? ನಗುತ್ತಾನೆ ಎಂದು ಬರೆದೆ. ಇನ್ನೂ ಎರಡು ವರ್ಷಕ್ಕಿಂತ ಹೆಚ್ಚು ನಿಮ್ಮ ನಡುವೆಯೇ ಕಳೆಯಬೇಕಲ್ಲ, ನಗದೆ ಏನು ಮಾಡುತ್ತಾನೆ. ಅವನ ನಿಜವಾದ ಉತ್ತರ ಆ ಬ್ರೆಡ್ಡು.

ತಮಾಷೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ, ನೀನು ಆಗ ತೀರ ಚಿಕ್ಕವನು. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲನ್ನು ನೋಡಿ ಅಂಗಡಿಯೊಂದರಲ್ಲಿದ್ದವರು ಗೇಲಿ ಮಾಡಿದರು. ಮಾತಿಗೆ ಮಾತು ಬೆಳೆದು ಹೊಡೆತಕ್ಕೆ ಹೋಯಿತು. ಮರುದಿನ ಆತ ತೀರಿಕೊಂಡ. ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ, ಇಂಥ ಬೈಗುಳವನ್ನೇ ಶಿಕ್ಷಾರ್ಹ ಮಾಡಬೇಕೆಂದು ಅದೇ ವರ್ಷ ಶಿಫಾರಸು ಮಾಡಿತು. ನಿಮ್ಮ ಹಾಸ್ಟೆಲಿನಲ್ಲಿ ಹಾಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಅಂಗಡಿಯವರೂ ಬೆಳಿಗ್ಗೆ ಎದ್ದು ಕೊಲೆ ಮಾಡಲು ಹೊರಟಿರಲಿಲ್ಲ.

ನಿಯಮವೂ ನಿನಗೆ ಗೊತ್ತಿರಲಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ತಿದ್ದುಪಡಿಯಾಗಿ, ಬಣ್ಣ, ಮೂಲವಂಶ, ಪ್ರದೇಶ, ಭಾಷೆ, ಹುಟ್ಟಿದ ಸ್ಥಳದ ಹೆಸರಿನಲ್ಲಿ ಹೀಯಾಳಿಸುವುದೂ ರ‍್ಯಾಗಿಂಗ್ ಎಂದಾಯಿತು. ದೂರು ಕೊಡಲು 1800-180-5522 ಎಂಬ ಉಚಿತ ದೂರವಾಣಿ ಇದೆ. ಆದರೆ ನೀನಾಗಿಯೇ ಹೋಗಿ ದೂರು ಕೊಟ್ಟು ವೀರನಾಗಬೇಡ. ದೂರಿನ ಮರುದಿನ ಅದೇ ಹಾಸ್ಟೆಲಿನಲ್ಲಿ ಮಲಗಬೇಕಾದವನು ಅವನು. ಮೊದಲು ಅವನನ್ನು ಕೇಳು. ಅದಕ್ಕೂ ಮೊದಲು ಅವನ ಕೋಣೆಗೆ ಹೋಗಿ, ಆ ಹೆಸರು ಇಟ್ಟವನು ನಾನು, ತಪ್ಪಾಯಿತು, ಇನ್ನು ಕರೆಯುವುದಿಲ್ಲ ಎಂದು ಹೇಳು. ಉದ್ದ ಮಾಡಬೇಡ. ಅವನ ಪೂರ್ತಿ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಕೇಳಿ ಕಲಿ. ಮಿಜೋ ಹೆಸರು ಉದ್ದವಿರಬಹುದು, ‘ತಿರುವೆಂಗಡನಾಥ’ ಎನ್ನಬಲ್ಲ ನಾಲಿಗೆಗೆ ಅದೇನು ಕಷ್ಟವಲ್ಲ. ಅನಂತರ ಮೆಸ್ಸಿನಲ್ಲಿ ಯಾರಾದರೂ ‘ಮೊಮೊ’ ಎಂದರೆ ಭಾಷಣ ಮಾಡಬೇಡ. ಅವನ ಹೆಸರು ಅದಲ್ಲ ಎಂದು ಹೇಳಿ, ಸರಿಯಾದ ಹೆಸರು ಹೇಳಿ, ತಟ್ಟೆಗೆ ಸಾರು ಹಾಕಿಸಿಕೊ. ಎರಡು ವಾರ ನಿನ್ನನ್ನೂ ರೇಗಿಸುತ್ತಾರೆ, ಅದು ಖಂಡಿತ. ಅವನು ಒಂದೂವರೆ ವರ್ಷ ಸಹಿಸಿದ್ದಾನೆ, ನೀನು ಎರಡು ವಾರ ಸಹಿಸಿಕೊ.

ಅಂದಹಾಗೆ ಅವನ ಊರಿನಿಂದ ಬಿದಿರಿನ ಕಳಲೆ ಬಂದರೆ ಮೂಗು ಮುಚ್ಚಿಕೊಳ್ಳಬೇಡ. ಕೊಡಗಿನವರೂ ಮಲೆನಾಡಿನವರೂ ಮಳೆಗಾಲದಲ್ಲಿ ಅದಕ್ಕಾಗಿಯೇ ಕಾಯುತ್ತಾರೆ.

ಪ್ರಶ್ನೆ: ಶ್ರೀಮತಿಯವರೇ, ನಿಮ್ಮ ಅಂಕಣದಲ್ಲಿ ಹಿಂದೊಮ್ಮೆ ಅಮೆರಿಕದಲ್ಲಿ ಬಿಳಿಯ ಪೊಲೀಸನ ಕೈಯಲ್ಲಿ ಸತ್ತ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ವಿಷಯ ಬರೆದಿದ್ದಿರಿ. ವರ್ಣಭೇದ ಎಂಬುದು ಬಿಳಿಯರ ರೋಗ. ಅದನ್ನು ಅನುಭವಿಸಿದವರು ನಾವು, ಮಾಡಿದವರಲ್ಲ. ಇಲ್ಲದ ರೋಗಕ್ಕೆ ಔಷಧ ಹಂಚುವ ಬದಲು ನಮ್ಮಲ್ಲೇ ಇರುವ ಜಾತಿಯ ಬಗ್ಗೆ ಬರೆಯಬಾರದೇ?
(ನಿವೃತ್ತ ನೌಕರರು, ಸರಸ್ವತಿಪುರಂ)

ಉತ್ತರ: ಜಾತಿಯ ಬಗ್ಗೆ ಬರೆಯಿರಿ ಎಂದದ್ದು ಸರಿ. ಮೇಲೆ ಲೋಟದ ಕಥೆಯನ್ನು ಬರೆದಿದ್ದೇನೆ. ಕೆನ್ಯಾದ ಹುಡುಗಿಯನ್ನು ಗೇಟಿನಾಚೆ ನಿಲ್ಲಿಸಿದ ಕೈ, ಲೋಟವನ್ನು ಹಿತ್ತಲಲ್ಲಿಟ್ಟ ಕೈ ಎರಡೂ ನನ್ನವೇ. ಮೊದಲನೆಯದನ್ನು ಎರಡನೆಯದರಿಂದ ಕಲಿತದ್ದು ಎಂದೇ ನನ್ನ ಅನುಮಾನ.

ಆದರೆ ‘ಇಲ್ಲದ ರೋಗ’ ಎಂದಿರಲ್ಲ, ಅಲ್ಲಿ ನಿಮ್ಮೊಂದಿಗೆ ಜಗಳವಿದೆ. 2012ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಲ್ಲಿ ಗುವಾಹಟಿಯ ರೈಲು ಹತ್ತಿದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿದ್ದೀರಿ. ಅದೇ ದಿನಗಳಲ್ಲಿ ನಮ್ಮ ಮೈಸೂರಿನಲ್ಲಿ ಟಿಬೆಟಿನ ವಿದ್ಯಾರ್ಥಿಯೊಬ್ಬನಿಗೆ ಚೂರಿ ಹಾಕಿದರು. ಬೈಲಕುಪ್ಪೆಯ ಟಿಬೆಟನ್ನರ ಶಿಬಿರ 1960ರ ದಶಕದಿಂದ ನಮ್ಮದೇ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ಪ್ರತಿ ಚಳಿಗಾಲ ಅವರಿಂದ ಸ್ವೆಟರ್ ಕೊಳ್ಳುವ ಊರು ನಮ್ಮದು. ಮುಖ ನೋಡಿ ‘ಹೊರಗಿನವನು’ ಎಂದು ತೀರ್ಮಾನಿಸಲು ಅರ್ಧ ಶತಮಾನದ ಪರಿಚಯವೂ ಅಡ್ಡ ಬರಲಿಲ್ಲ. 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದ ಹೊಸದರಲ್ಲಿ, ಮೈಸೂರಿನ ಅಂಗಡಿಯೊಂದು ನಾಗಾಲ್ಯಾಂಡಿನ ಇಬ್ಬರನ್ನು ದಿನಸಿ ಕೊಳ್ಳಲು ಒಳಗೆ ಬಿಡಲಿಲ್ಲ. ಪೊಲೀಸರು ಪ್ರಕರಣ ದಾಖಲಿಸಿದರು. ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಯಾವ ಪೌರನನ್ನೂ ಅಂಗಡಿಯ ಹೊರಗೆ ನಿಲ್ಲಿಸುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿಯಲ್ಲಿ ಬರೆದಿದೆ. ಅಮೆರಿಕದ ಸಂವಿಧಾನದಲ್ಲಲ್ಲ, ನಮ್ಮದರಲ್ಲಿ. ಮೂಲವಂಶ, ಜಾತಿ ಎರಡನ್ನೂ ಪಕ್ಕಪಕ್ಕದಲ್ಲೇ ಬರೆದಿದ್ದಾರೆ. ಬರೆದವರಿಗೆ ಈ ನೆಲದ ರೋಗ ಗೊತ್ತಿತ್ತು.

ಇನ್ನು, ಅನುಭವಿಸಿದವರು ಮಾಡುವುದಿಲ್ಲ ಎಂಬ ಮಾತು. ದಕ್ಷಿಣ ಆಫ್ರಿಕದಲ್ಲಿ 1893ರಲ್ಲಿ ರೈಲಿನಿಂದ ತಳ್ಳಿಸಿಕೊಂಡ ಗಾಂಧೀಜಿಯವರೇ, ಅಲ್ಲಿನ ಮೊದಲ ವರ್ಷಗಳಲ್ಲಿ ಆಫ್ರಿಕನ್ನರ ಬಗ್ಗೆ ಹಗುರವಾಗಿ ಬರೆದಿದ್ದರು. ಭಾರತೀಯರನ್ನು ಅವರ ಸಾಲಿಗೆ ಸೇರಿಸಬಾರದು ಎಂಬುದು ಆಗಿನ ಅವರ ಅಹವಾಲು. ಮುಂದೆ ಬದಲಾದರು. ಗಾಂಧಿಗೇ ಅಷ್ಟು ವರ್ಷ ಹಿಡಿಯಿತು ಎಂಬುದು ನನಗಂತೂ ಧೈರ್ಯ ಕೊಡುವ ಸಂಗತಿ.

ಕೊನೆಗೊಂದು ನೆನಪು. ಬಹಳ ಹಿಂದೆ ಮೈಸೂರಿನಲ್ಲಿ ಶಿಕ್ಷಕರ ತರಬೇತಿಗೆ ಯಲ್ಲಾಪುರದ ಕಡೆಯ ಸಿದ್ದಿ ಶಿಕ್ಷಕಿಯೊಬ್ಬರು ಬಂದಿದ್ದರು. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ವಂಶದವರು, ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡಂಚಿನಲ್ಲಿ ತಲೆಮಾರುಗಳಿಂದ ಇರುವವರು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಆ ಶಿಕ್ಷಕಿಗೆ ಕ್ಯಾಂಟೀನಿನವನು ಇಂಗ್ಲಿಷಿನಲ್ಲಿ ‘ಯಾವ ದೇಶ?’ ಎಂದು ಕೇಳಿದ. ಅವರು, ‘ನಮ್ಮದು ಕಾರವಾರ ಜಿಲ್ಲೆ, ನಿಮ್ಮದು ಯಾವ ದೇಶ?’ ಎಂದರು. ಅಲ್ಲಿದ್ದ ನಾವೆಲ್ಲ ಕನ್ನಡದ ಮೇಷ್ಟ್ರುಗಳೂ ಮೇಡಂಗಳೂ ಜೋರಾಗಿ ನಕ್ಕೆವು. ಕ್ಯಾಂಟೀನಿನವನನ್ನು ನೋಡಿ ನಕ್ಕೆವು ಎಂದುಕೊಂಡಿದ್ದೆ. ಆದರೆ ಬೆಳಿಗ್ಗೆ ನೋಂದಣಿ ಮೇಜಿನಲ್ಲಿ ಕುಳಿತು ಅವರನ್ನು ಇಂಗ್ಲಿಷಿನಲ್ಲೇ ಮಾತಾಡಿಸಿದ್ದವಳು ನಾನು.

ಪ್ರಶ್ನೆ: ಅಮ್ಮಾ, ನನ್ನ ಮೊಮ್ಮಗಳಿಗೆ ಮೂರು ವರ್ಷ. ಬಣ್ಣ ಸ್ವಲ್ಪ ಕಡಿಮೆ. ಸೊಸೆ ದಿನವೂ ಕಡಲೆಹಿಟ್ಟು, ಕೆನೆ ಹಚ್ಚಿ ಉಜ್ಜುತ್ತಾಳೆ, ಮಗು ಅಳುತ್ತದೆ. ಯಾವುದಾದರೂ ಒಳ್ಳೆಯ ಕ್ರೀಮು ಇದ್ದರೆ ತಿಳಿಸಿ.
(ಅಜ್ಜಿ, ಮದ್ದೂರು)

ಉತ್ತರ: ಬಣ್ಣ ‘ಕಡಿಮೆ’ ಎಂದಿರಿ. ಲೆಕ್ಕದಲ್ಲಿ ನೋಡಿದರೆ ನಿಮ್ಮ ಮೊಮ್ಮಗಳಲ್ಲೇ ಬಣ್ಣ ಹೆಚ್ಚು, ಕಡಿಮೆ ಇರುವುದು ಬೆಳ್ಳಗಿರುವವರಲ್ಲಿ. ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮು 1975ರಲ್ಲಿ ಬಂದು ನಮ್ಮ ತಲೆಮಾರಿನ ಹೆಣ್ಣುಮಕ್ಕಳ ಕೈಯಿಂದ ಎಷ್ಟು ದುಡ್ಡು ಕಿತ್ತುಕೊಂಡಿತೋ; 2020ರಲ್ಲಿ ಅದನ್ನು ಮಾಡುವವರೇ ನಾಚಿಕೊಂಡು ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಎಂದು ಸೇರಿಸಿದರು. ನಿಮ್ಮ ಸೊಸೆಗೆ ಆ ಸುದ್ದಿ ತಲುಪಿಲ್ಲ, ತಲುಪಿಸಿ. ನಿಮ್ಮ ಸೀಮೆಯಲ್ಲಿ ಕರೀಗೌಡ, ಕಾಳೇಗೌಡ, ಕರಿಯಮ್ಮ, ಕಾಳಮ್ಮ ಎಂದು ದೇವರ ಹೆಸರನ್ನು ಇಟ್ಟುಕೊಂಡು ತಲೆ ಎತ್ತಿ ನಡೆದವರು ಎಷ್ಟು ಜನರಿದ್ದಾರೆ ಎಂದು ಮಗುವಿಗೆ ಕಥೆ ಹೇಳಿ. ಸೊಸೆಯನ್ನು ಬೈಯಬೇಡಿ, ಅವಳ ಮದುವೆಗೆ ನೋಡಲು ಬಂದವರು ಬಣ್ಣದ ಬಗ್ಗೆ ಏನೆಂದಿದ್ದರು ಎಂದು ಒಂದು ಸಲ ಮೆಲ್ಲಗೆ ಕೇಳಿ ನೋಡಿ. ನೋಡಲು ಹೋದವರಲ್ಲಿ ನೀವೂ ಇದ್ದಿರಬೇಕು.

ಡಬ್ಬದಲ್ಲಿ ಉಳಿದ ಕಡಲೆಹಿಟ್ಟಿಗೆ ಸಂಜೆ ಈರುಳ್ಳಿ ಹೆಚ್ಚಿ ಬಜ್ಜಿ ಮಾಡಿ. ಮಗುವಿನದಕ್ಕೆ ಖಾರ ಕಡಿಮೆ ಇರಲಿ.